ಫಟಫಟಿಯ ಸಿಡಿತ

ಮನೆಯಲ್ಲಿ ಹಳೆಯ ಫಟಫಟಿಯೊಂದಿರುವುದೆಂದರೆ ವಯಸ್ಸಾದ ಹಿರಿಯರೊಬ್ಬರು ಇದ್ದಂತೆಯೇ ಸರಿ. ಅವರ ಕೆಮ್ಮು ಏತರಿಂದ ಬಂದುದೆಂಬುದನ್ನು ಅರಿತು ನಡೆಯಬೇಕಾಗುತ್ತದೆ. ಅರಿಯದೆ ನಡೆದು ನಾವು ಪಟ್ಟ ಪಾಡನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಹಿರಿಯರ ಮನೆಯಿರುವುದು ಹುಕ್ಕೇರಿಯಲ್ಲಿ. ನಾವು ಗೋಕಾಕದಲ್ಲಿ ಮಾಸ್ತರಿಕೆ ಮಾಡಿಕೊಂಡಿರುವೆವು. ತಮ್ಮನು ಮೂಡಲಗಿಯಲ್ಲಿದ್ದು ಹೊಲ ನೋಡಿಕೊಳ್ಳುವನು. ತೀರಿಹೋದ ತಂದೆಯವರ ಬುಲೆಟ್ ಗಾಡಿ ಇಬ್ಬರಿಗೂ ಕೂಡಿದ ಆಸ್ತಿ. ವಿಲಾಯತಿಯಲ್ಲಿ ಹುಟ್ಟಿದ ಈ ಗಾಡಿಯನ್ನು 1955ರಲ್ಲಿ ಮದರಾಸಿನಲ್ಲಿ ಜೋಡಿಸತೊಡಗಿದರು. ಜಾವಾ, ಯೆಜ್ಡಿ ಗಾಡಿಗಳನ್ನು ಹೊರತರುತ್ತಿದ್ದ ಮೈಸೂರಿನ ಕಾರ್ಖಾನೆಯು 1996ರಲ್ಲಿ ನಿಂತುಹೋಯಿತು. ಬುಲೆಟ್ಟು ಇನ್ನೂ ನಡೆದಿದೆ. ಆದರೆ ಹೊಸ ಬುಲೆಟ್ಟಿನಲ್ಲಿ ಕಾರ್ಬುರೇಟರ್ ಇಲ್ಲ. ಗಾಳಿಗೂ ಪೆಟ್ರೋಲಿಗೂ ಹದ ಹಾಕುವ ಆ ಪುಟ್ಟ ಪಾತ್ರೆಯನ್ನು ಕೈಯಿಂದ ತಿರುವಿ ಸರಿಪಡಿಸುವ ವಿದ್ಯೆಯು ಹಳೆಯ ಗಾಡಿಗಳೊಡನೆ ಉಳಿದುಕೊಂಡಿದೆ.

ಹೋದ ನವರಾತ್ರಿಯ ಖಂಡೇಪೂಜೆಗೆ ಹುಕ್ಕೇರಿಯಲ್ಲಿ ಎಲ್ಲರೂ ಕೂಡಿದ್ದೆವು. ತಂದೆಯವರ ಗಾಡಿ ಮಿನುಗಲೆಂದು ಸೈಲೆನ್ಸರನ್ನು ಅದರ ಕೊಳವೆಯೊಡನೆ ನಾವೇ ಬಿಚ್ಚಿ, ತುಕ್ಕು ತಿಕ್ಕಿ, ಮರಳಿ ಜೋಡಿಸಿದೆವು. ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಹೇಳಿ ತಮ್ಮನು ಗಾಡಿಯನ್ನು ಮೂಡಲಗಿಗೆ ಒಯ್ದನು. ನಾಲ್ಕು ದಿನಗಳ ಮೇಲೆ ಗೋಕಾಕಕ್ಕೆ ತಂದು ಒಪ್ಪಿಸಿದನು. ಅಂದಿನಿಂದ ಅದಕ್ಕೆ ಸಿಡಿತ ಹತ್ತಿತು. ಓಡುತ್ತಿರುವಾಗ ಎಕ್ಸಲರೇಟರ್ ಇಳಿಸಿದೊಡನೆ ಸೈಲೆನ್ಸರಿನಿಂದ ಢಂ ಢಂ ಎಂದು ಸದ್ದು! “ಕೆಡಿಸಿ ತಂದೆಯಲ್ಲೋ” ಎಂದು ಅವನನ್ನು ಜರೆದೆವು. ಅವನು ಮರುಮಾತಾಡದೆ ಹೊರಟುಹೋದನು, ದೀಪಾವಳಿಗೂ ಬರಲಿಲ್ಲ.

ಅತ್ತ ನಾವು ಪಂಡಿತರಾದೆವು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಸಿಡಿಯುವುದೆಂದು ಕೇಳಿದ್ದೆವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ನಮ್ಮ ಸೀಮೆಯ ಕಬ್ಬಿನಿಂದಲೂ ಅದನ್ನು ತೆಗೆಯುತ್ತಾರೆ. ಅದರಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬುರೇಟರಿನ ಹದ ತುಸು ತೆಳುವಾಗುವುದೂ ದಿಟ. ಇಷ್ಟು ತಿಳಿವಳಿಕೆಯ ಬಲದಿಂದ ಗಾಳಿಯ ತಿರುಪನ್ನು ಒಳಕ್ಕೆ ತಿರುವಿದೆವು. ಸದ್ದು ತುಸು ತಗ್ಗಿತು, ನಿಲ್ಲಲಿಲ್ಲ; ಪ್ಲಗ್ಗು ಕಾಡಿಗೆಯಂತಾಯಿತು; ಪೆಟ್ರೋಲಿನ ಖರ್ಚು ಏರಿತು.

ಕಬ್ಬಿನ ಸುಗ್ಗಿಯ ದಿನಗಳು. ಒಂದು ಸಂಜೆ ಗೋಕಾಕ ಫಾಲ್ಸಿನಿಂದ ಊರ ಕಡೆಗೆ ಇಳಿಯುತ್ತಿದ್ದೆವು. ಮುಂದೆ ಕಬ್ಬಿನ ಚಕ್ಕಡಿ; ಕಬ್ಬಿನ ಮೇಲೊಂದು ಪುಟ್ಟ ಹುಡುಗಿ. ಎಕ್ಸಲರೇಟರ್ ಇಳಿಸಿದೆವು, ಢಂ ಎಂದಿತು. ಎತ್ತುಗಳು ಬೆದರಿದವು, ಗಾಲಿ ರಸ್ತೆಯಂಚಿಗೆ ಜಾರಿತು, ಮಗು ಕೆಳಗೆ ಬಿದ್ದಿತು. ದೈವವಶಾತ್ ಮೊಣಕಾಲು ತರಚಿದ್ದಷ್ಟೇ. ಮುದುಕನು ಮಗುವನ್ನೆತ್ತಿಕೊಂಡು, “ಎತ್ತಿಗೇನ್ ಗೊತ್ರೀ, ಗುಂಡೋ ಫಟಫಟಿಯೋ” ಎಂದಷ್ಟೇ ಅಂದನು. ಅವನು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಭಾನುವಾರವೇ ಮೂಡಲಗಿಯ ವೃದ್ಧ ಮಿಸ್ತ್ರಿಯೊಬ್ಬರಲ್ಲಿಗೆ ಹೋದೆವು. ಅವರು ಕಾರ್ಬುರೇಟರನ್ನು ಮುಟ್ಟಲೇ ಇಲ್ಲ. ಗಾಡಿ ಆರುವವರೆಗೆ ಚಹಾ ಕುಡಿದರು. ಬಳಿಕ ಎಂಜಿನ್ನು ಹೂಡಿ, ಸೈಲೆನ್ಸರಿನ ಬಾಯಿಗೆ ಕ್ಷಣಕಾಲ ಅರಿವೆ ಒತ್ತಿಹಿಡಿದರು. ಎಂಜಿನ್ನಿನ ತಲೆಗೆ ಕೊಳವೆ ಕೂಡುವಲ್ಲಿ ಪುಸ್ ಪುಸ್ ಎಂದು ಉಸಿರು ಕೇಳಿಸಿತು. ಅಲ್ಲಿ ಮಸಿಯ ಗೆರೆಯೂ ಇದ್ದಿತು.

“ಮಾಸ್ತರ್ರೀ, ಬ್ಯಾನಿ ಕೊಳ್ಳಾಗ ಐತಿ, ನೀವು ಹೊಟ್ಟಿಗಿ ಔಷಧ ಕೊಟ್ಟೀರಿ. ಸೈಲೆನ್ಸರ್ ಬಿಚ್ಚಿದಾವ್ರು ಯಾರು?”

“ನಾವೇ” ಎನ್ನಲು ನಮಗೆ ತುಸು ಹೊತ್ತು ಹಿಡಿಯಿತು.

ಅವರು ತಿಳಿಯಹೇಳಿದುದರ ಸಾರವಿಷ್ಟು. ಓಡುವ ಗಾಡಿಯ ಎಕ್ಸಲರೇಟರ್ ಇಳಿಸಿದಾಗ ಎಂಜಿನ್ನಿಗೆ ಹೋಗುವ ಮಿಶ್ರಣ ಬಹಳ ಕಡಿಮೆ. ಅದು ಒಳಗೆ ಸರಿಯಾಗಿ ಉರಿಯದೆ ಕಾದ ಕೊಳವೆಗೆ ಬರುತ್ತದೆ. ಕೊಳವೆಯ ಸಂದು ಸಡಿಲವಿದ್ದರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗಿ ಅದನ್ನು ಕೂಡುತ್ತದೆ. ಆಗ ಉರಿ ಹತ್ತಿ ಸಿಡಿಯುತ್ತದೆ. ಆದುದರಿಂದ ಮೊದಲು ಹೊಗೆಯ ಸಂದುಗಳನ್ನು ನೋಡಬೇಕು. ಆಮೇಲೆ ಕಾರ್ಬುರೇಟರ್ ಎಂಜಿನ್ನಿಗೆ ಕೂಡುವ ಸಂದು. ಅದರ ಸುತ್ತ ಎರಡು ಹನಿ ಎಣ್ಣೆ ಬಿಟ್ಟಾಗ ಎಂಜಿನ್ನಿನ ಓಟ ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆಯೆಂದು ತಿಳಿಯಬೇಕು. ಮೂರನೆಯದು ಪ್ಲಗ್ಗು, ಪಾಯಿಂಟು, ಕಿಡಿಯ ಸಮಯ. ಕಾರ್ಬುರೇಟರಿನ ಸರದಿ ಕೊನೆಯದು.

ಮಿಸ್ತ್ರಿಗಳು ಕೊಳವೆಯನ್ನು ಅದರ ನೆಲೆಗೆ ಒತ್ತಿ ಕೂಡಿಸಿ, ನಾವು ಸಡಿಲ ಬಿಟ್ಟಿದ್ದ ಬೋಲ್ಟುಗಳನ್ನು ಬಿಗಿದರು. ಎಂಜಿನ್ನು ಬಿಸಿಯಾದ ಮೇಲೆ ಗಾಳಿಯ ತಿರುಪನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿದರು. ಅಲ್ಲಿಂದ ಅತ್ತಿತ್ತ ಕಾಲು ಕಾಲು ಸುತ್ತು ಹೊರಳಿಸಿ, ಎಂಜಿನ್ನು ಎಲ್ಲಿ ಹೆಚ್ಚು ಚುರುಕಾಗಿ, ಸಮನಾಗಿ ಓಡಿತೋ ಅಲ್ಲಿ ನಿಲ್ಲಿಸಿ, ಇನ್ನೊಂದು ತಿರುಪಿನಿಂದ ಓಟವನ್ನು ತಗ್ಗಿಸಿದರು. ಪ್ಲಗ್ಗು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ಬಂದರೆ ಹದ ಸರಿ. ಕಪ್ಪಾದರೆ ಪೆಟ್ರೋಲು ಹೆಚ್ಚು, ಬೆಳ್ಳಗಾದರೆ ಗಾಳಿ ಹೆಚ್ಚು ಎಂದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಬರೆಯಿಸಿದ್ದೆವೋ! ಒಡಹುಟ್ಟಿದವನ ವಿಷಯದಲ್ಲಿ ಅದನ್ನು ನೆನೆಯಲಿಲ್ಲ.

ಅಲ್ಲಿಂದ ನೇರವಾಗಿ ತಮ್ಮನ ಮನೆಗೆ ನಡೆದೆವು. ಓಣಿಯ ತಿರುವಿನಲ್ಲಿ ಎಕ್ಸಲರೇಟರ್ ಇಳಿಸಿದೆವು, ಸಿಡಿತವಿಲ್ಲ. ಒಳಗಿನಿಂದ ಅವನ ದನಿ ಕೇಳಿಸಿತು: “ಅಪ್ಪನ ಗಾಡಿ ಬಂತು ನೋಡ್ರಿ.” ಹೊರಬಂದವನೆದುರು, “ತಪ್ಪು ನಮ್ಮದೋ ತಮ್ಮಾ, ಕೊಳವೆಯನ್ನು ಸಡಿಲ ಬಿಟ್ಟವರು ನಾವೇ” ಎಂದೆವು. ಅವನು ಗಾಡಿಯ ಟಾಕಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತನು.

“ಇರ್ಲಿ ಅಣ್ಣಾ, ಒಳಗ ಬಾ. ರೊಟ್ಟಿ ಆರತಾವ” ಎಂದನು.