ಹಣ್ಣು ಹೋದ ಮೇಲೆ

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್ ಮತ್ತು ಅದರ ಸುತ್ತಲ ಸೆನ್ ನದಿಯ ಬಯಲಿನಲ್ಲಿ ‘ಲ್ಯಾಂಬಿಕ್’ ಎಂಬ ಹುಳಿ ಬಿಯರ್ ತಯಾರಾಗುತ್ತದೆ. ಬಾರ್ಲಿಯ ಮೊಳಕೆಕಾಳಿನೊಂದಿಗೆ ಗೋಧಿಯನ್ನು ಬೆರೆಸಿ ಕುದಿಸಿದ ರಸವನ್ನು ಚಳಿಯ ರಾತ್ರಿಯಲ್ಲಿ ಆಳವಿಲ್ಲದ ಅಗಲ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ತಾನೇ ಹುಳಿಬರುವಂತೆ, ಗಾಳಿಯ ಹಾಗೂ ಮರದ ಪೀಪಾಯಿಯ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಬೇಸಗೆಯಲ್ಲಿ ಲೀಟರಿಗೆ ಸುಮಾರು 200 ಗ್ರಾಂ ಹುಳಿಚೆರ್ರಿ ಹಾಕಿದರೆ ಅದು ‘ಕ್ರೀಕ್’ ಎನಿಸಿಕೊಳ್ಳುತ್ತದೆ.

ಕ್ರೀಕ್ ಎಂಬುದು ಆ ಚೆರ್ರಿಗೆ ಅಲ್ಲಿನ ಆಡುಮಾತಿನಲ್ಲಿರುವ ಹೆಸರು. ಬ್ರಸೆಲ್ಸಿನ ಅಂಚಿನ ಸ್ಕಾರ್ಬೇಕ್ ಎಂಬ ಊರು ಈ ಹಣ್ಣಿಗೆ ಪ್ರಸಿದ್ಧವಾಗಿತ್ತು. ಕತ್ತೆಗಳ ಮೇಲೆ ಹೇರಿಕೊಂಡು ಪೇಟೆಗೆ ತರುತ್ತಿದ್ದುದರಿಂದ ಅದಕ್ಕೆ ಕತ್ತೆಗಳ ಊರೆಂದೇ ಅಡ್ಡಹೆಸರಾಯಿತು. ನಗರ ಬೆಳೆದಂತೆ ತೋಟಗಳು ಅಳಿದವು. ಫ್ಲೆಮಿಷ್ ಆಡುತ್ತಿದ್ದ ಬ್ರಸೆಲ್ಸ್ ಬಹುಪಾಲು ಫ್ರೆಂಚ್ ನಗರವಾಯಿತು. ಆದರೂ ಶೀಷೆಯ ಮೇಲೆ ಆ ಶಬ್ದ ಉಳಿದಿದೆ. 1997ರಲ್ಲಿ ಐರೋಪ್ಯ ಒಕ್ಕೂಟವು ಕ್ರೀಕಿನ ಸಾಂಪ್ರದಾಯಿಕ ಪದ್ಧತಿಗೆ ಕಾನೂನಿನ ಮನ್ನಣೆಯನ್ನೂ ನೀಡಿತು.

ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿ, ಉದ್ಯೋಗಕ್ಕಾಗಿ ಆ ನಗರವನ್ನು ಸೇರಿದವರೊಬ್ಬರು ಮಗಳು ಹುಟ್ಟಿದ ವರ್ಷ ಕ್ರೀಕಿನ ಶೀಷೆಯೊಂದನ್ನು ಕೊಂಡು ನೆಲಮಾಳಿಗೆಯಲ್ಲಿಟ್ಟರು. ಭರಣಿಯಲ್ಲಿ ವರ್ಷಗಟ್ಟಲೆ ಕೆಡದ ಮಾವಿನಮಿಡಿಯನ್ನೂ ಉಪ್ಪುಸೊಳೆಯನ್ನೂ ಕಂಡು ಬೆಳೆದವರಿಗೆ ಕಾಯುವುದು ಕಷ್ಟವಾಗಲಿಲ್ಲ. ಶೀಷೆಯ ಮೇಲೆ ‘ಹಳೆಯ’ ಎಂಬರ್ಥದ ಶಬ್ದವೂ ಇತ್ತು. ಅದು ಹಳೆಯ ಪದ್ಧತಿಯನ್ನು ಸೂಚಿಸುವ ಶಬ್ದವೇ ಹೊರತು, ಇಟ್ಟು ಹಳತು ಮಾಡಿರೆಂಬ ಅಪ್ಪಣೆಯಲ್ಲ.

ಹನ್ನೊಂದನೆಯ ವರ್ಷ ನೆರೆಮನೆಯ ವೃದ್ಧರನ್ನು ಕರೆದು ಅದನ್ನು ತೆರೆದರು. ಮಾಣಿಕ್ಯದಂತಿರಬೇಕಾದ ಬಣ್ಣ ಇಟ್ಟಿಗೆಯ ಕಂದಾಗಿತ್ತು. ಮೂಗಿಗೆ ಒದ್ದೆ ಹುಲ್ಲಿನ, ಹಳೆಯ ಚರ್ಮದ ವಾಸನೆ ಬಂತು. ನಾಲಗೆಯಲ್ಲಿ ಮೊದಲು ಚೂಪಾದ ಹುಳಿ, ಕೊನೆಯಲ್ಲಿ ಚೆರ್ರಿಯ ಬೀಜ ಬಿಟ್ಟುಹೋದ ಬಾದಾಮಿಯಂಥ ಕಹಿ. ನಡುವೆ ಇರಬೇಕಾದ ಹಣ್ಣು ಇರಲಿಲ್ಲ.

“ಕೆಟ್ಟಿಲ್ಲ, ಕುಡಿಯಬಹುದು,” ಎಂದರು ವೃದ್ಧರು. “ಹಣ್ಣು ಹಾಕದ ಲ್ಯಾಂಬಿಕ್ ಆಗಿದ್ದರೆ ಇಷ್ಟು ವರ್ಷಕ್ಕೆ ಇನ್ನೂ ಹದವಾಗುತ್ತಿತ್ತೇನೋ. ಹಣ್ಣು ಕಾಯುವುದಿಲ್ಲ. ಹೊಸತಿರುವಾಗಲೇ ಕುಡಿಯಬೇಕು, ಮುಂದಿನ ಬೇಸಗೆಗೆ ಮತ್ತೆ ಹೊಸ ಹಣ್ಣು ಹಾಕಬೇಕು. ನಮ್ಮ ಅಜ್ಜಿ ಈ ಹಣ್ಣಿನ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನನ್ನ ಮೊಮ್ಮಕ್ಕಳು ಅದನ್ನು ಶೀಷೆಯ ಮೇಲೆ ಓದುತ್ತಾರೆ, ಅಷ್ಟೆ.”

ವೃದ್ಧರು ಹೋದ ಮೇಲೂ ಆ ಮಾತು ಅವರನ್ನು ಬಿಡಲಿಲ್ಲ. ಅವರ ಕಪಾಟಿನ ಮೇಲಿನ ಅರೆಯಲ್ಲಿ ಗಾಜಿನ ಹಿಂದೆ ಕನ್ನಡದ ಮಕ್ಕಳ ಪುಸ್ತಕಗಳು ಸಾಲಾಗಿದ್ದವು. ಪ್ರತಿ ರಜೆಗೂ ಊರಿನಿಂದ ತಂದವು. ಹಾಳಾಗದಿರಲೆಂದು, ಮಗಳಿಗೆ ಬುದ್ಧಿ ಬಂದ ಮೇಲೆ ಕೊಡೋಣವೆಂದು ಎತ್ತಿಟ್ಟವು. ಆಕೆ ಫ್ರೆಂಚ್ ಮತ್ತು ಡಚ್ ಎರಡನ್ನೂ ಸರಾಗವಾಗಿ ಓದುತ್ತಿದ್ದಳು. ಕನ್ನಡದಲ್ಲಿ ಅಜ್ಜಿಯೊಡನೆ ಫೋನಿನಲ್ಲಿ ಊಟವಾಯಿತೆಂದು ಹೇಳುವಷ್ಟು ಬರುತ್ತಿತ್ತು. ಅಕ್ಷರ ಒಂದೂ ಬರುತ್ತಿರಲಿಲ್ಲ. ಹಾಳೆಗಳು ಮಾತ್ರ ಅಚ್ಚಿನಿಂದ ಬಂದ ದಿನದಂತೆಯೇ ಇದ್ದವು.

ಭಾಷೆಯನ್ನು ಉಳಿಸುವ ಮಾತು ಗಡಿನಾಡಿನಲ್ಲಿ ಬಹಳ ನಡೆಯುತ್ತದೆ. ಕಾನೂನು ಹೆಸರನ್ನೂ ಹಕ್ಕನ್ನೂ ಕಾಪಾಡಬಲ್ಲದು, ಅದು ಸಣ್ಣ ಆಸರೆಯಲ್ಲ. ಆದರೆ ಸಂವಿಧಾನದ ಯಾವ ವಿಧಿಯೂ ಒಂದು ಮಗುವಿನ ಕೈಗೆ ಪುಸ್ತಕವನ್ನು ಕೊಡಲಾರದು. ಆ ಕೆಲಸ ಮನೆಯದು, ಮತ್ತು ಅದಕ್ಕೊಂದು ಕಾಲವಿದೆ.

ಈಗ ಆ ಮನೆಯಲ್ಲಿ ಕಪಾಟಿನ ಮೇಲಿನ ಅರೆ ಅರ್ಧ ಖಾಲಿಯಾಗಿದೆ. ಒಂದು ಪುಸ್ತಕದ ರಕ್ಷಾಪುಟ ಕಿತ್ತುಹೋಗಿದೆ. ಇನ್ನೊಂದರಲ್ಲಿ ಪ್ರತಿ ಒತ್ತಕ್ಷರದ ಕೆಳಗೂ ಪೆನ್ಸಿಲಿನ ಗೆರೆ.