ಹಳದಿ ದೀಪ ಹೇಳಿದ ಮಾತು

ಹಾನಗಲ್ಲಿನ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಆ ಮಿಸ್ತ್ರಿಗೆ ಕಿವಿಯೇ ಮೀಟರು. ಬೈಕು ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಅದರ ಸದ್ದು ಕೇಳಿ, ಇದಕ್ಕೆ ಪೆಟ್ರೋಲು ಹೆಚ್ಚು ಬರುತ್ತಿದೆ, ಇದರ ಟ್ಯಾಪೆಟ್ ಸಡಿಲಾಗಿದೆ, ಇದರ ಚೈನು ಜೋತಿದೆ ಎಂದು ಹೇಳಿಬಿಡುತ್ತಿದ್ದರು. ಕಾರ್ಬೊರೇಟರ್ ಬಿಚ್ಚಿ, ಜೆಟ್ಟಿನ ತೂತಿಗೆ ಬಾಯಿಟ್ಟು ಊದಿ, ಮತ್ತೆ ಕೂಡಿಸಿ ಒಂದು ಕಿಕ್ ಹೊಡೆದರೆ ಮುಗಿಯಿತು. ಇಪ್ಪತ್ತೈದು ವರ್ಷ ಹೀಗೇ ನಡೆಯಿತು.

2020ರ ಏಪ್ರಿಲ್ 1ರಂದು ದೇಶದಲ್ಲಿ ಬಿಎಸ್-6 ನಿಯಮ ಜಾರಿಗೆ ಬಂತು. ಹೊಗೆ ಕಡಿಮೆ ಮಾಡಬೇಕೆಂದು ನಾಲ್ಕನೆಯ ಮೆಟ್ಟಿಲಿನಿಂದ ಐದನ್ನು ಬಿಟ್ಟು ಆರಕ್ಕೇ ಹಾರಿದ ನಿಯಮ ಅದು. ಹೊಸ ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರ್ ಇಲ್ಲದಂತಾಯಿತು. ಅದರ ಜಾಗಕ್ಕೆ ಇಂಜೆಕ್ಟರ್, ಟಾಕಿಯೊಳಗೆ ಒಂದು ಪಂಪು, ಅಂಗೈಯಗಲದ ಒಂದು ಪೆಟ್ಟಿಗೆ ಬಂದವು. ಎಂಜಿನ್ನು ಎಷ್ಟು ಬಿಸಿಯಾಗಿದೆ, ಎಕ್ಸಲರೇಟರ್ ಎಷ್ಟು ತಿರುಗಿದೆ, ಕ್ರ್ಯಾಂಕು ಎಲ್ಲಿದೆ, ಸೈಲೆನ್ಸರಿನ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರುಗಳು ವರದಿ ಕೊಡುತ್ತವೆ. ಅದನ್ನು ಕೇಳಿ ಪೆಟ್ಟಿಗೆ ಪೆಟ್ರೋಲು ಅಳೆದು ಕೊಡುತ್ತದೆ. ಎಲ್ಲಿಯಾದರೂ ತಪ್ಪಿದರೆ ಮುಂದೆ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತದೆ. ಊದುವುದಕ್ಕೆ ಜೆಟ್ಟೇ ಇಲ್ಲ. ಮಿಸ್ತ್ರಿಯ ಕಿವಿಗೆ ಕೆಲಸ ಕಡಿಮೆಯಾಯಿತು.

ಅಂಥದೊಂದು ಮಳೆಗಾಲದಲ್ಲಿ ಸವಣೂರಿನ ಗಿರಾಕಿಯೊಬ್ಬರು ಬಂದರು. ಸವಣೂರಿನ ಎಲೆಯ ಹೆಸರು ಕೇಳದವರಿಲ್ಲವಷ್ಟೆ. ಅವರದು ಅದೇ ವ್ಯಾಪಾರ. ನಸುಕಿನಲ್ಲೇ ಎಲೆಯ ಪೆಂಡಿ ಹೇರಿಕೊಂಡು ಪೇಟೆ ಮುಟ್ಟಬೇಕು. ಅಕ್ಕನ ಮನೆ ಹಾನಗಲ್ಲಿನಲ್ಲಿ. ಹೀಗಾಗಿ ಬೈಕಿಗೆ ಏನಾದರೂ ಈ ಮಿಸ್ತ್ರಿಯ ಕೈಯೇ ಆಗಬೇಕು. ಮಳೆಯಲ್ಲಿ ಗಾಡಿ ತಡೆತಡೆದು ನಿಲ್ಲುತ್ತದೆ, ಹಳದಿ ದೀಪ ಹತ್ತುತ್ತದೆ ಎಂಬುದು ಅವರ ದೂರು.

ಮಿಸ್ತ್ರಿ ಪ್ಲಗ್ಗು ನೋಡಿದರು, ಗಾಳಿ ಫಿಲ್ಟರು ನೋಡಿದರು. ಏನೂ ಕಾಣಲಿಲ್ಲ. ಗೊತ್ತಾಗಲಿಲ್ಲ ಎನ್ನಲು ನಾಲಿಗೆ ಬರಲಿಲ್ಲ. "ಕಂಪ್ಯೂಟರ್ ಹೋಗೇತ್ರಿ, ಪೆಟಗಿ ಬದಲಿ ಮಾಡಸ್ರಿ" ಎಂದುಬಿಟ್ಟರು. ಆ ಮಾತು ನಂಬಿ ಅವರು ಬೇರೆ ಕಡೆ ಹೋಗಿ, ಒಂದು ತಿಂಗಳ ದುಡಿಮೆ ಸುರಿದು ಹೊಸ ಪೆಟ್ಟಿಗೆ ಹಾಕಿಸಿದರು. ಹದಿನೈದು ದಿನಕ್ಕೆ ಮತ್ತೆ ಮಳೆ ಬಂತು, ಬೈಕು ಮತ್ತೆ ನಿಂತಿತು. ಅಂದಿನ ಎಲೆ ಪೆಂಡಿಯಲ್ಲೇ ಕೆಟ್ಟಿತು.

ಅವರು ಜಗಳಕ್ಕೆ ಬರಲಿಲ್ಲ. "ಮಿಸ್ತ್ರಿ, ನಿಮ್ಮ ಮಾತಿನ ಮ್ಯಾಲೆ ಪೆಟಗಿ ಹಾಕಿಸಿದ್ನಿ. ಈಗೇನು ಮಾಡ್ಲಿ, ನೀವಽ ಹೇಳ್ರಿ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಮಿಸ್ತ್ರಿಗೆ ಅಂದು ರಾತ್ರಿ ಊಟ ಸೇರಲಿಲ್ಲ.

ಶಿಗ್ಗಾವಿಯಲ್ಲಿ ತಂಗಿಯ ಮನೆ. ತಂಗಿಯ ಮಗ ಐಟಿಐ ಓದಿ, ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ತಿರುಗಿಸುವ ಬೋಟುಗಳ ಎಂಜಿನ್ ನೋಡಿಕೊಂಡು ಎರಡು ವರ್ಷ ಇದ್ದು ಬಂದವನು. ಮಿಸ್ತ್ರಿ ಬೈಕನ್ನು ಅಲ್ಲಿಗೇ ಒಯ್ದರು. ಇಪ್ಪತ್ತೈದು ವರ್ಷದ ಅನುಭವ ಅಳಿಯನ ಮುಂದೆ ಕೈಕಟ್ಟಿ ನಿಂತಿತು.

"ಮಾಮಾ, ನೀರಾಗ ಎಂಜಿನ್ ನಿಂತರ ತಳ್ಳಕೊಂಡು ಹೋಗಾಕ ರಸ್ತೆ ಇರೂದಿಲ್ಲ. ಅದಕ್ಕಽ ಅಲ್ಲಿ ಮಂದಿ ಸಣ್ಣದರಿಂದ ಸುರು ಮಾಡ್ತಾರ" ಎಂದ ಹುಡುಗ. ಬೋಟಿನ ಹೊಸ ಎಂಜಿನ್ನುಗಳಲ್ಲೂ ಇಂಥದೇ ಪೆಟ್ಟಿಗೆ, ಇಂಥವೇ ಸೆನ್ಸರುಗಳು ಇರುತ್ತವೆ. ಆದರೆ ಎಂಜಿನ್ ನಿಂತಾಗ ಬಲ್ಲವರು ಮೊದಲು ನೋಡುವುದು ಅವನ್ನಲ್ಲ. ನಡೆಸುವವನ ಮೈಗೆ ಕಟ್ಟಿದ ಸುರಕ್ಷೆಯ ದಾರ ಕಳಚಿ ಎಂಜಿನ್ ಆರಿತೇ? ಪೆಟ್ರೋಲು ಡಬ್ಬಿಯ ಗಾಳಿತೂತು ತೆರೆದಿದೆಯೇ? ಬ್ಯಾಟರಿಯ ತುದಿಗಳು ಬಿಗಿಯಾಗಿವೆಯೇ? ಫ್ಯೂಸು ಸುಟ್ಟಿದೆಯೇ? ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿದೆಯೇ? ಇವೆಲ್ಲ ಮುಗಿದ ಮೇಲೆ ಪೆಟ್ಟಿಗೆಯ ಪಾಳಿ.

ಬೈಕಿಗೂ ಅದೇ ಕ್ರಮ. ಹ್ಯಾಂಡಲ್ಲಿನ ಕೆಂಪು ಸ್ವಿಚ್ಚು ಸರಿ ಇತ್ತು. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದರೂ ಎಂಜಿನ್ ನಿಲ್ಲುವುದುಂಟು. ಅದನ್ನು ತೊಳೆದು ನೋಡಿದರು. ಕೆಲವು ನೂರು ರೂಪಾಯಿಯ ಮೀಟರು ಹಿಡಿದರೆ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಎಂಜಿನ್ ಓಡುವಾಗ 14ರ ಆಸುಪಾಸು. ಎರಡೂ ಸರಿಯೇ. ಫ್ಯೂಸು ಗಟ್ಟಿ.

ಆಮೇಲೆ ಅಳಿಯ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಚ್ಚಿ "ಸ್ಟಾರ್ಟರ್ ಒತ್ತು ಮಾಮಾ" ಎಂದ. ಎರಡರ ನಡುವೆ ದಪ್ಪ ತಂತಿಯೇ ಇರುವುದರಿಂದ ಮೀಟರು ಸೊನ್ನೆಯ ಹತ್ತಿರವೇ ನಿಲ್ಲಬೇಕು. ಅದು ಒಂದು ವೋಲ್ಟು ದಾಟಿತು. ಅರ್ಥಿಂಗ್ ತಂತಿಯ ಬೋಲ್ಟು ಬಿಚ್ಚಿದರೆ ಒಳಗೆ ತುಕ್ಕು, ಅದರ ಮೇಲೆ ಹಸಿರು ಪುಡಿ. ಉಜ್ಜುಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ಗ್ರೀಸು ಸವರಿದರು. ಮೀಟರು ಸೊನ್ನೆಗೆ ಇಳಿಯಿತು. ನಾಲ್ಕು ಸಲ ಚಾಲೂ ಮಾಡಿ ಓಡಿಸಿದ ಮೇಲೆ ಹಳದಿ ದೀಪವೂ ಆರಿತು. ನೀರು ಚಿಮುಕಿಸಿದರೂ ಎಂಜಿನ್ ತಡೆಯಲಿಲ್ಲ.

ಆದದ್ದು ಇಷ್ಟೆ. ಸೆನ್ಸರುಗಳು ಮಾತಾಡುವುದು 5 ವೋಲ್ಟಿನೊಳಗೆ. ಅರ್ಥಿಂಗ್ ಕೆಟ್ಟು ಒಂದು ವೋಲ್ಟು ಆಚೀಚೆಯಾದರೆ ವರದಿಗಳೆಲ್ಲ ತಪ್ಪುತ್ತವೆ, ಒದ್ದೆಯಾದಾಗ ಇನ್ನಷ್ಟು ತಪ್ಪುತ್ತವೆ. ಸಾಕ್ಷಿ ಸುಳ್ಳು ಹೇಳಿದರೆ ನ್ಯಾಯಾಧೀಶರನ್ನು ಬದಲಿಸಿ ಏನು ಫಲ?

ಬೈಕು ಮುಟ್ಟಿಸಲು ಮಿಸ್ತ್ರಿ ತಾವೇ ಸವಣೂರಿಗೆ ಹೋದರು. ಏನೋ ಒಂದು ಹೇಳಿ ಪಾರಾಗಬಹುದಿತ್ತು. "ಪೆಟಗಿ ಹೋಗಿದ್ದಿಲ್ರಿ. ನನಗ ತಿಳಿದಿದ್ದಿಲ್ಲ, ತಿಳದೇತಿ ಅಂತ ಹೇಳಿದೆ. ತಪ್ಪು ನಂದು" ಎಂದರು. ಕೂಲಿ ತೆಗೆದುಕೊಳ್ಳಲಿಲ್ಲ, ಕಳೆದ ಹಣವನ್ನು ತಿಂಗಳು ತಿಂಗಳು ಕೊಟ್ಟು ತೀರಿಸುವುದಾಗಿಯೂ ಹೇಳಿದರು. ಗಿರಾಕಿ ಬಹಳ ಹೊತ್ತು ಸುಮ್ಮನಿದ್ದು, "ಅರ್ಧ ಕೊಡ್ರಿ. ಅರ್ಧ ನಂದೂ ತಪ್ಪು, ಇನ್ನೊಬ್ಬರನ್ನ ಕೇಳಲಿಲ್ಲ" ಎಂದರು. ಹೊರಡುವಾಗ ಎಲೆಯ ಒಂದು ಕಟ್ಟು ಕೈಗಿಟ್ಟರು.

ಆ ದೀಪಾವಳಿಗೆ ಮಿಸ್ತ್ರಿ ಹೆಂಡತಿಯ ತವರು ಹಿರೇಕೆರೂರಿಗೆ ಹೋದಾಗ ಮೀಟರೂ ಜೊತೆಗಿತ್ತು. ಹೆಂಡತಿಯ ತಮ್ಮನ ಬೈಕು ಬೆಳಿಗ್ಗೆ ಚಾಲೂ ಆಗಲು ಸತಾಯಿಸುತ್ತಿತ್ತು. ಕೀಲಿ ತಿರುಗಿಸಿದರೆ ದೀಪ ಮಿಣುಕುತ್ತದೆ. ಕೆಲವು ಬೈಕುಗಳಲ್ಲಿ ಆ ಮಿಣುಕಿಗೂ ಲೆಕ್ಕವಿದೆ: ಉದ್ದದ್ದು ಒಂದಕ್ಕೆ ಹತ್ತು, ಗಿಡ್ಡದ್ದು ಒಂದಕ್ಕೆ ಒಂದು. ಮನೆಯ ಮಗಳು ಪಕ್ಕದಲ್ಲಿ ಕೂತು ಎಣಿಸಿ, "ಮಾಮಾ, ಗಿಡ್ಡವು ಏಳು" ಎಂದಳು. ಆ ಬೈಕಿನ ಪಟ್ಟಿಯಲ್ಲಿ ಏಳೆಂದರೆ ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರು.

"ಹಂಗಾರ ಸೆನ್ಸರ್ ತರಸೂಣೇನ್ರಿ ಮಾವಾರ?" ಎಂದ ಹೆಂಡತಿಯ ತಮ್ಮ.

"ತಡಿಯಪಾ" ಎಂದು ಮಿಸ್ತ್ರಿ ಸೆನ್ಸರು ಬಿಚ್ಚಿ, ತುದಿಯನ್ನು ಬಿಸಿನೀರಿಗೆ ಹಿಡಿದರು. ಬಿಸಿ ಏರಿದಂತೆ ಅದರ ಪ್ರತಿರೋಧ ಇಳಿಯಬೇಕು, ಇಳಿಯಿತು. ಅಂದಮೇಲೆ ಸೆನ್ಸರು ಗಟ್ಟಿ. ತಂತಿಯ ಬೆನ್ನು ಹತ್ತಿ ಹೋದರೆ ಟಾಕಿಯ ಕೆಳಗೆ ಇಲಿ ಕಡಿದ ಗುರುತು. ಬೈಕು ನಿಲ್ಲುತ್ತಿದ್ದುದು ಗೋವಿನಜೋಳದ ಚೀಲಗಳ ಪಕ್ಕದಲ್ಲಿ! ದೀಪ ಓಣಿಯ ಹೆಸರು ಹೇಳುತ್ತದೆ; ಮನೆ ಯಾವುದೆಂದು ನಾವೇ ಹೋಗಿ ಹುಡುಕಬೇಕು.

ಎಲ್ಲವೂ ಮನೆಯಲ್ಲೇ ಆಗುತ್ತದೆಂದಲ್ಲ. ಪೆಟ್ರೋಲಿನ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡವಿರುತ್ತದೆ; ಬಿಸಿ ಎಂಜಿನ್ನಿನ ಮೇಲೆ ಅದನ್ನು ಬಿಚ್ಚಿದರೆ ಬೆಂಕಿಯ ಭಯ. ಕೀಲಿ ಹಾಕಿಟ್ಟು ಪ್ಲಗ್ಗುಗಳನ್ನು ಎಳೆದರೆ ಇಲ್ಲದ ದೋಷವೂ ದಾಖಲಾಗುತ್ತದೆ. ಪಂಪಿನ ನೀರನ್ನು ಜೋರಾಗಿ ಹೊಡೆದು ಬೈಕು ತೊಳೆಯುವುದು ತಂತಿಗಳಿಗೆ ಒಳ್ಳೆಯದಲ್ಲ. ಇವೆಲ್ಲ ನೋಡಿಯೂ ಸಿಗದಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಬೇಕು.

50 ಅಶ್ವಶಕ್ತಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಹೊಗೆಯ ಬಿಗಿ ನಿಯಮ ಬಂದು, ಎಲೆಕ್ಟ್ರಾನಿಕ್ ಎಂಜಿನ್ನುಗಳು ಹೊಲಕ್ಕೂ ಇಳಿದಿವೆ. ಹಾನಗಲ್ಲಿನ ಗ್ಯಾರೇಜಿನ ಗೋಡೆಯ ಮೇಲೆ ಈಗ ಸೀಮೆಸುಣ್ಣದಲ್ಲಿ ಬರೆದಿದೆ: ಸ್ವಿಚ್ಚು, ಬ್ಯಾಟರಿ, ಫ್ಯೂಸು, ಅರ್ಥಿಂಗ್, ತಂತಿ, ಸೆನ್ಸರು. ಪೆಟ್ಟಿಗೆ ಎಂಬುದು ಎಲ್ಲಕ್ಕಿಂತ ಕೆಳಗೆ.

ಕೆಲಸ ಕಲಿಯಲು ಬಂದ ಹುಡುಗರು ಮಾತ್ರ ಇನ್ನೊಂದನ್ನೂ ಕಲಿಯುತ್ತಿದ್ದಾರೆ. ಗಿರಾಕಿ ಅವಸರ ಮಾಡಿ "ಏನಾಗೇತ್ರಿ?" ಎಂದಾಗ ಮಿಸ್ತ್ರಿ ಮೀಟರು ಕೈಗೆತ್ತಿಕೊಂಡು, ನಾಚಿಕೆಯಿಲ್ಲದೆ ಹೇಳುತ್ತಾರೆ: "ಇನ್ನೂ ಗೊತ್ತಾಗಿಲ್ರಿ. ನೋಡಿ ಹೇಳ್ತೀನಿ, ಕುಂದರ್ರಿ."