ಅಣ್ಣ ಹೇಳದೆ ಉಳಿಸಿದ ಮಾತು

1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಮ್ಮಣ್ಣ ಗಡಿಯಲ್ಲಿದ್ದ. ಅವನ ಪತ್ರದಲ್ಲಿ ಯಾವಾಗಲೂ ಒಂದೇ ಮಾತು: "ನಾನು ಕ್ಷೇಮ, ಚಿಂತೆ ಬೇಡ." ಅಮ್ಮ ಅದನ್ನೇ ನನ್ನಿಂದ ಹತ್ತು ಸಲ ಓದಿಸುತ್ತಿದ್ದಳು. ಅಣ್ಣ ಕ್ಷೇಮವಾಗಿ ಬಂದನೇನೋ ನಿಜ, ಆದರೆ ಅಲ್ಲಿ ಕಂಡದ್ದನ್ನು ಇವತ್ತಿಗೂ ಬಾಯಿಬಿಟ್ಟಿಲ್ಲ.

ಮೊನ್ನೆ ಮಗಳು ತನ್ನ ಕಾಲೇಜಿನ ಪಾಠದಿಂದ ವಿಲ್‌ಫ್ರೆಡ್ ಓವೆನ್ ಎಂಬ ಇಂಗ್ಲಿಷ್ ಕವಿಯ ವಿಷಯ ಹೇಳಿದಳು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಈತ ವೀರಾವೇಶದ ಹಾಡು ಕಟ್ಟಲಿಲ್ಲ. ವಿಷಾನಿಲಕ್ಕೆ ಸಿಕ್ಕವನು ಉಸಿರುಕಟ್ಟಿ ಒದ್ದಾಡುವುದನ್ನು, ಕೈಕಾಲು ಕಳೆದುಕೊಂಡ ಹುಡುಗ ಗಾಲಿಕುರ್ಚಿಯಲ್ಲಿ ಕತ್ತಲಾಗುವುದನ್ನು ಕಾಯುತ್ತಾ ಕೂತಿದ್ದನ್ನು ಇದ್ದ ಹಾಗೇ ಬರೆದ. 1918ರ ನವೆಂಬರ್ 4ರಂದು ಫ್ರಾನ್ಸಿನಲ್ಲಿ ಹೋರಾಡುತ್ತಾ ಸತ್ತಾಗ ವಯಸ್ಸು ಬರೀ 25. ಇನ್ನೊಂದೇ ವಾರಕ್ಕೆ ಯುದ್ಧ ನಿಂತಿತು. ಊರೆಲ್ಲ ಸಂತೋಷಪಡುತ್ತಿದ್ದ ಆ ದಿನವೇ ತಾಯಿಯ ಕೈಗೆ ಸಾವಿನ ತಂತಿ ಬಂತಂತೆ!

1920ರಲ್ಲಿ ಆ ತಾಯಿ ನಮ್ಮ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದರು. ಮಗ ಕೊನೆಯ ಸಲ ಹೊರಡುವಾಗ ಹೇಳಿದ್ದು ಠಾಕೂರರ ಸಾಲುಗಳನ್ನಂತೆ. ಮನೆಗೆ ವಾಪಸು ಬಂದ ಅವನ ಕಿಸೆಪುಸ್ತಕದಲ್ಲೂ ಅವೇ ಸಾಲುಗಳು, ಅವನದೇ ಕೈಬರಹ. ಆ ಕವನ ಪೂರ್ತಿ ಯಾವ ಪುಸ್ತಕದಲ್ಲಿ ಸಿಗುತ್ತದೆ ಎಂದು ಆಕೆ ಕೇಳಿದ್ದರು.

ಯುದ್ಧದ ಕವನ ಮನೆವಾರ್ತೆಯ ನಮಗ್ಯಾಕೆ ಅಂತೀರಾ, ಸೋದರಿಯರೇ? ಮನೆಯವರಿಗೆ ಹೇಳಲಾಗದ್ದನ್ನು ಕವಿ ಬರೆದಿಟ್ಟಿರುತ್ತಾನೆ. ಈ ಸಲ ಅಣ್ಣ ಹಬ್ಬಕ್ಕೆ ಬಂದಾಗ, ಬಡಿಸಿ ಒಳಗೆ ಹೋಗಿಬಿಡೋದಿಲ್ಲ. ಹತ್ತಿರ ಕೂರುತ್ತೇನೆ. ಅವನು ಹೇಳಿದಷ್ಟು ಕೇಳುತ್ತೇನೆ.